ಫೋಟೋದಲ್ಲಿಲ್ಲದ ಮಗು

"ಏಳು ವರ್ಷದವರಿದ್ದಾಗಿನ ನಿಮ್ಮದೊಂದು ಫೋಟೋ ತನ್ನಿ" ಎಂದರು ನನ್ನ ಥೆರಪಿಸ್ಟ್. "ದಿನಕ್ಕೆ ಐದು ನಿಮಿಷ ಆ ಮಗುವಿನ ಜೊತೆ ಮಾತಾಡಿ. ಅದಕ್ಕೆ ಏನು ಬೇಕಿತ್ತು ಅಂತ ಕೇಳಿ."

ನಲವತ್ತು ಸಮೀಪಿಸುತ್ತಿರುವ ಗಂಡಸಿಗೆ ಇದೆಂಥ ಹೋಂವರ್ಕ್ ಎನ್ನುತ್ತೀರಾ? ನನಗೂ ಹಾಗೆಯೇ ಅನ್ನಿಸಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ಪುರಾವೆ ಕೇಳುವುದು ಚಟವಾಗಿಬಿಟ್ಟಿದೆ. ನನ್ನೊಳಗೊಂದು ಮಗು ಇನ್ನೂ ಇದೆ ಎಂಬುದಕ್ಕೆ ಸಾಕ್ಷಿಯೇನು ಎಂದು ಕೇಳಿದೆ. ಆಕೆ ನಕ್ಕರು. "ಅದಕ್ಕೇ ಫೋಟೋ ತನ್ನಿ ಅಂದದ್ದು."

(ಆಕೆ ಇರುವುದು ನಗರದಾಚೆಯ ಪಿಕರಿಂಗ್‌ನಲ್ಲಿ. ನನ್ನಂತೆಯೇ ಕಪ್ಪು ಜನಾಂಗದವರು. ಅರ್ಧ ಮಾತನ್ನು ವಿವರಿಸುವ ಶ್ರಮ ಉಳಿಯುತ್ತದೆಂದೇ ಅಷ್ಟು ದೂರ ಡ್ರೈವ್ ಮಾಡುತ್ತೇನೆ.)

ಈ ಅಂಕಣವನ್ನು ಓದುತ್ತ ಬಂದವರಿಗೆ ನನ್ನ ಪರಿಚಯ ಬೇಕಿಲ್ಲ. ಹೊಸಬರಿಗಾಗಿ ಎರಡು ಮಾತು: ತಾಯಿ ಉಡುಪಿಯವರು, ತಂದೆ ಜಮೈಕಾದವರು. ಬೆಳೆದದ್ದು ಇಬ್ಬರಿಗೂ ಪರದೇಶವಾದ ಇಲ್ಲಿ, ರೆಕ್ಸ್‌ಡೇಲ್ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಈ ಕನ್ನಡವನ್ನು ಅಮ್ಮ ಅಡುಗೆಮನೆಯ ಮೇಜಿನ ಮೇಲೆ ತಿದ್ದಿಸಿದರು. ನಾನು ಗೇ ಎಂಬುದನ್ನೂ ಇದೇ ಪುಟದಲ್ಲಿ ಬರೆದಿದ್ದೇನೆ. ಆ ವಾರ ನಿಮ್ಮಲ್ಲಿ ಕೆಲವರು ಕಳಿಸಿದ ಪತ್ರಗಳನ್ನು ಮರೆತಿಲ್ಲ.

ಶನಿವಾರ ಎರಿನ್ ಮಿಲ್ಸ್‌ನಲ್ಲಿರುವ ಅಮ್ಮನ ಮನೆಗೆ ಹೋದೆ.

"ಹಳೇ ಫೋಟೋ ಎಂತಕ್ಕೆ ಈಗ?"

"ಡಾಕ್ಟರ್ ಕೇಳಿದ್ದಾರೆ ಅಮ್ಮ."

"ಫೋಟೋ ನೋಡಿ ಮದ್ದು ಕೊಡುವ ಡಾಕ್ಟರಾ? ಒಳ್ಳೆ ಜನ ಸಿಕ್ಕಿದ್ದಾರೆ ಮಾರಾಯ ನಿಂಗೆ!"

ಅಮ್ಮ ಚಹಾಕ್ಕಿಟ್ಟರು. ನಾನು ಆಲ್ಬಮ್ ತೆರೆದೆ. ಹುಟ್ಟುಹಬ್ಬ, ದೀಪಾವಳಿ, ಮೊದಲ ಹಿಮ, ಹೊಸ ಸೈಕಲ್. ಎಲ್ಲ ಫೋಟೋಗಳಲ್ಲೂ ನಗುತ್ತಿರುವ ಒಬ್ಬ ಹುಡುಗ. ಅವನ ಮುಖ ಮಾತ್ರ ಬೂದುಬಿಳುಪು. ಕಿವಿ, ಕುತ್ತಿಗೆ, ಕೈಗಳು ನನ್ನವು. ದವಡೆಯ ಉದ್ದಕ್ಕೂ ಗೆರೆ ಎಳೆದ ಹಾಗೆ ಪೌಡರ್ ನಿಂತಿತ್ತು.

"ಪೌಡರ್ ಇಲ್ಲದ್ದು ಒಂದೂ ಇಲ್ವಾ?"

"ಪೌಡರ್ ಹಾಕದೆ ಮಗುವನ್ನು ಫೋಟೋಕ್ಕೆ ನಿಲ್ಲಿಸ್ಲಿಕ್ಕೆ ಆಗ್ತದಾ? ನಮ್ಮಲ್ಲಿ ಎಲ್ಲರ ಮನೆಯಲ್ಲೂ ಹಾಕ್ತಾರೆ."

ಹೌದು, ಹಾಕುತ್ತಾರೆ. ನಿಮಗೂ ಹಾಕಿದ್ದಾರೆ, ನೀವೂ ಹಾಕಿದ್ದೀರಿ. ಅಲ್ಲವೆನ್ನುತ್ತೀರಾ?

"ಶಾಲೆಯಲ್ಲಿ ತೆಗೆದದ್ದು?"

ಅಮ್ಮ ಚಹಾ ತಂದು ಎದುರಿಗಿಟ್ಟು ಕೂತರು. ಅಷ್ಟರಲ್ಲಿ ನನಗೇ ನೆನಪಾಯಿತು. ಪ್ರತಿ ವರ್ಷ ಚಳಿಗಾಲಕ್ಕೆ ಮುನ್ನ ಶಾಲೆಗೆ ಫೋಟೋಗ್ರಾಫರ್ ಬರುತ್ತಿದ್ದ. ಚಿತ್ರಗಳು ಮನೆಗೆ ಬರುತ್ತಿದ್ದವು. ಕಣ್ಣು ಮುಚ್ಚಿದ್ದರೆ, ಕೂದಲು ಕೆದರಿದ್ದರೆ ವಾಪಸ್ ಕಳಿಸಬಹುದಿತ್ತು. ಅಂಥ ಮಕ್ಕಳಿಗಾಗಿ ಇನ್ನೊಂದು ದಿನ, ರೀಟೇಕ್ ಡೇ. ನನ್ನ ಕಣ್ಣು ಒಮ್ಮೆಯೂ ಮುಚ್ಚಿರಲಿಲ್ಲ. ಆದರೂ ಪ್ರತಿ ವರ್ಷ ನನ್ನ ಫೋಟೋ ವಾಪಸ್ ಹೋಗುತ್ತಿತ್ತು. "ಫೋಟೋ ಕಪ್ಪಾಗಿ ಬಂದಿದೆ" ಎಂದು ಅಮ್ಮ ಫಾರ್ಮಿನಲ್ಲಿ ಬರೆಯುತ್ತಿದ್ದರು. ರೀಟೇಕ್ ದಿನ ನನ್ನ ಲಂಚ್‌ಬ್ಯಾಗಿನಲ್ಲಿ ಪೌಡರ್ ತುಂಬಿದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣವಿರುತ್ತಿತ್ತು. "ಕನ್ನಡಿ ನೋಡಿ ಸರಿಯಾಗಿ ಹಾಕ್ಕೋ ಮಗಾ."

ಇಲ್ಲೊಂದು ತಪ್ಪೊಪ್ಪಿಗೆ. ನನಗದು ಇಷ್ಟವಾಗುತ್ತಿತ್ತು! ಶಾಲೆಯ ವಾಶ್‌ರೂಮಿನಲ್ಲಿ ಒಬ್ಬನೇ ನಿಂತು ಕೆನ್ನೆಗೆ ಪೌಡರ್ ತೀಡುವಾಗ ಬೆಳ್ಳಗಾಗುವ ಆಸೆಯೇನೂ ನನಗಿರಲಿಲ್ಲ. ಸಿಂಗರಿಸಿಕೊಳ್ಳುವ ಸುಖವಿತ್ತು. ಒಂಬತ್ತನೇ ವಯಸ್ಸಿನಲ್ಲಿ ಅದೇ ಸುಖಕ್ಕಾಗಿ ಅಮ್ಮನ ಲಿಪ್‌ಸ್ಟಿಕ್ ಹಚ್ಚಿಕೊಂಡು ಸಿಕ್ಕಿಬಿದ್ದೆ. ಬೆನ್ನ ಮೇಲೆ ಏಟು ಬಿತ್ತು. "ಗಂಡುಮಕ್ಕಳು ಹೀಗೆಲ್ಲ ಮಾಡ್ತಾರಾ?" ಬಣ್ಣ ಮುಚ್ಚಿಕೊಳ್ಳಲು ಹಚ್ಚಿದರೆ ಕರ್ತವ್ಯ, ಸಂತೋಷಕ್ಕೆ ಹಚ್ಚಿದರೆ ಅವಮಾನ. ಒಂಬತ್ತು ವರ್ಷದ ಮಗು ಈ ತರ್ಕವನ್ನು ಹೇಗೆ ಬಿಡಿಸಬೇಕಿತ್ತು?

"ಮೊದಲು ತೆಗೆದ ಆ ಫೋಟೋಗಳು ಎಲ್ಲಿವೆ ಅಮ್ಮ?"

"ಅದು ವಾಪಸ್ ಕೊಡದೆ ಹೊಸದು ಕೊಡ್ತಿರಲಿಲ್ಲ."

ಅಂದರೆ ಇಲ್ಲ. ಎಲ್ಲಿಯೂ ಇಲ್ಲ.

ಆಗ ನಾನು ಮಾಡಬಾರದ ಕೆಲಸ ಮಾಡಿದೆ: ವಾದಕ್ಕೆ ಇಳಿದೆ. ಎದುರು ಕೂತವರು ಎಪ್ಪತ್ತು ದಾಟಿದ ನನ್ನ ತಾಯಿ ಎಂಬುದನ್ನು ಮರೆತು, ವೇದಿಕೆ ಹತ್ತಿದವನಂತೆ ಒಂದೊಂದೇ ಅಂಶ ಮಂಡಿಸಿದೆ. ಮಗುವಿಗೆ ಅದರ ಮುಖ ತಪ್ಪೆಂದು ಕಲಿಸಿದಿರಿ. ಆ ತಪ್ಪನ್ನು ಅದರ ಕೈಯಿಂದಲೇ ತಿದ್ದಿಸಿದಿರಿ. ಕೊನೆಗೆ ಆಲ್ಬಮ್ ಅವರತ್ತ ತಿರುಗಿಸಿ ಕೇಳಿದೆ: "ಇದರಲ್ಲಿ ಪಪ್ಪ ಎಲ್ಲಿ?"

ಮನೆಯ ಫೋಟೋಗಳನ್ನೆಲ್ಲ ತೆಗೆದವರು ಪಪ್ಪ. ಹಾಗಾಗಿ ಅವರು ಯಾವುದರಲ್ಲೂ ಇಲ್ಲ. ಹಾಗಾಗಿಯೋ, ಅಥವಾ ಪ್ರತಿಯೊಂದರ ಇನ್ನೊಂದು ಪ್ರತಿ ಉಡುಪಿಗೆ ಹೋಗಬೇಕಿತ್ತು ಎಂದೋ? ಕಪ್ಪು ಮನುಷ್ಯನನ್ನು ಮದುವೆಯಾದಳೆಂದು ಅಜ್ಜಿ ಅಮ್ಮನ ಜೊತೆ ಮಾತು ಬಿಟ್ಟಿದ್ದರು. ಪಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಕ್ಯಾಮೆರಾದ ಹಿಂದೆ ನಿಂತಾಗ ಅವರಿಗೆ ಏನನ್ನಿಸುತ್ತಿತ್ತೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

"ನಿನ್ನ ಫೋಟೋ ನೋಡಿಯೇ ಅಜ್ಜಿ ಕಾಗದ ಹಾಕಿದ್ದು ಮಗಾ" ಎಂದರು ಅಮ್ಮ. ಧ್ವನಿ ಇಳಿದಿತ್ತು. "ನಿಂಗೆ ಏಳು ವರ್ಷ ಆಗ. 'ಮಗು ನಮ್ಮ ಕಡೆಯ ಹಾಗೇ ಉಂಟು' ಅಂತ ಬರೆದಿದ್ರು. ನಾನು ಎಷ್ಟು ಅತ್ತಿದ್ದೇನೆ ನಿಂಗೆ ಗೊತ್ತುಂಟಾ?"

"ಅಜ್ಜಿ ಬರೆದದ್ದು ಪೌಡರಿನ ಬಗ್ಗೆ. ನನ್ನ ಬಗ್ಗೆ ಅಲ್ಲ."

ಒಳ್ಳೆಯ ವಾಕ್ಯ. ಸಭೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಅಮ್ಮ ಆಲ್ಬಮ್ ಮುಚ್ಚಿದರು. ಆಮೇಲೆ ಎಂದರು: "ಸರಿ ಮಾರಾಯ. ನೀನು ಗೆದ್ದಿ. ಈಗ ಎಂತ ಮಾಡುವ, ಹೇಳು."

ಸಮುದಾಯ ಬದಲಾಗಬಲ್ಲದು, ಮನೆಯೊಳಗಿನಿಂದಲೇ ಅದು ಆರಂಭವಾಗಬೇಕು ಎಂದು ನಿಮಗೆ ವಾರವಾರ ಉಪದೇಶಿಸುವವನು ನಾನು. ಆ ಮನೆಯೊಳಗೆ ಕೂತು, ಆರಿದ ಚಹಾ ಕುಡಿದು, ಎದ್ದು ಬಂದೆ. ಅಮ್ಮ ಬಾಗಿಲವರೆಗೆ ಬರಲಿಲ್ಲ.

ಗುರುವಾರ ಬರಿಗೈಯಲ್ಲಿ ಪಿಕರಿಂಗ್‌ಗೆ ಹೋದೆ. ನಡೆದದ್ದನ್ನೆಲ್ಲ ಕೇಳಿ ಥೆರಪಿಸ್ಟ್ ಎಂದರು: "ಫೋಟೋ ಬೇಡ ಬಿಡಿ. ಕಣ್ಣು ಮುಚ್ಚಿ. ಯಾವ ಮಗು ಬರುತ್ತದೋ ಬರಲಿ."

ಮುಚ್ಚಿದೆ. ಪೌಡರ್ ಇಲ್ಲದ ನನ್ನನ್ನು ನೆನಪಿಸಿಕೊಳ್ಳಲು ನಿಜಕ್ಕೂ ಪ್ರಯತ್ನಪಟ್ಟೆ. ಆಗಲಿಲ್ಲ. ಬಂದವನು ಆಲ್ಬಮ್ಮಿನ ಹುಡುಗನೇ. ಬೂದುಬಿಳುಪು ಮುಖ, ಕಪ್ಪು ಕಿವಿ. ಅಮ್ಮ ಕರೆಯುವಂತೆ ಕನ್ನಡದಲ್ಲೇ ಕರೆದೆ: ಬಾ ಮಗಾ.

ಅವನು ಪೌಡರ್ ಇಲ್ಲದ ನನ್ನ ಮುಖ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

ಅವನ ತಪ್ಪೇನಿದೆ? ವಾಪಸ್ ಕಳಿಸಬೇಕೆಂದು ಅವನು ಕಲಿತದ್ದು ಇದೇ ಮುಖವನ್ನಲ್ಲವೇ?