ಕಟ್ಟಡ ಪರವಾನಗಿಯ ಸಾಹೇಬರು

ಎಪ್ಪತ್ತರ ದಶಕದಲ್ಲಿ ನಿಗಡಿಯ ನಮ್ಮ ಪಕ್ಕದ ಮನೆಯವರು ಕಟ್ಟಡ ಪರವಾನಗಿ ಕೊಡುವ ಸಾಹೇಬರು. ಯಾರು ಅರ್ಜಿ ತಂದರೂ ಕನ್ನಡಕ ಹಣೆಗೇರಿಸಿ, “ಮೊದಲ ಜಾಗಾ ನೋಡೂಣ್ರಿ” ಎನ್ನುತ್ತಿದ್ದರು.

ಕಲಬುರಗಿ ಕಡೆಯಿಂದ ಬಂದ ಗಾರೆ ಕೆಲಸದ ಹೆಂಗಸರು, ಕೂಸುಗಳನ್ನು ಬಿಟ್ಟುಹೋಗಲು ಬಯಲಲ್ಲೊಂದು ಬಾಲವಾಡಿ ಕಟ್ಟುತ್ತೇವೆಂದು ಅರ್ಜಿ ಕೊಟ್ಟರು. ಸಾಹೇಬರು ಬಿಸಿಲಲ್ಲಿ ನಡೆದುಹೋಗಿ ಜಾಗ ಮೆಚ್ಚಿ ಬಂದರು. ಅಷ್ಟರಲ್ಲಿ ದಿಲ್ಲಿಯಿಂದ, ಊರೊಳಗೆ ಒಬ್ಬೊಬ್ಬರು ಇಷ್ಟೇ ಖಾಲಿ ಜಾಗ ಇಟ್ಟುಕೊಳ್ಳಬಹುದೆಂಬ ಭೂಮಿತಿ ಕಾಯ್ದೆ ಬಂತು. ಖಾಲಿ ಜಾಗದ ಪರವಾನಗಿಗಳೆಲ್ಲ ನಿಂತವು. ಆ ಅರ್ಜಿಯನ್ನೂ ಅವರೇ ತಿರಸ್ಕರಿಸಬೇಕಾಯಿತು.

ಸಂಜೆ ಹೆಂಗಸರ ಬಳಿ ತಾವೇ ಹೋದರು. “ಅಲ್ಲಿ ಕಟ್ಟಾಕ ಬರಂಗಿಲ್ರೀ. ನಾಳಿಂದ ಕೂಸುಗಳನ್ನ ನಮ್ಮ ಪಡಸಾಲ್ಯಾಗ ಬಿಡ್ರಿ.”

“ನಿಮ್ಮ ಮನ್ಯಾಗಿನವ್ರು ಏನಂತಾರ್ರಿ?”

“ಅಕೀನ ಕಳಿಸ್ಯಾಳ.”

ಮರುದಿನದಿಂದ ಆ ಪಡಸಾಲೆಯಲ್ಲಿ ಸೀರೆಯ ಜೋಲಿಗಳು ತೂಗಿದವು. ಕೂಸುಗಳು ಏಳಬಾರದೆಂದು ಸಾಹೇಬರು ಬೂಟು ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಕಚೇರಿಗೆ ಹೊರಡುತ್ತಿದ್ದುದು ಈಗಲೂ ಕಣ್ಣಮುಂದಿದೆ.