ಬೀಳುವ ಹಲ್ಲಿಗೆ ಹಾಕಿದ ಅಂಟು

ಇವತ್ತು ಬೆಳಿಗ್ಗೆ ಪಲ್ಯಕ್ಕೆಂದು ಕಾಯಿ ಪಪ್ಪಾಯಿ ಹೆಚ್ಚುವಾಗ ಕೈಗೆಲ್ಲ ಅದರ ಹಾಲು ಅಂಟಿತು. ಹಸಿಹಸಿಯಾದ ಕಹಿ ವಾಸನೆ. ನಿಮಗದು ಅಡುಗೆಮನೆಯ ವಾಸನೆ ಇರಬಹುದು. ಹಲ್ಲಿನ ಡಾಕ್ಟರಾದ ನನಗೆ ಗೋವೆಯ ವಾಸ್ಕೋದಲ್ಲಿರುವ ನನ್ನ ಕ್ಲಿನಿಕ್ಕಿನ ಹಳೆಯ ದಿನಗಳು ನೆನಪಾದವು. ಪಪ್ಪಾಯಿಯ ಸತ್ವದಿಂದ ಮಾಡಿದ ಒಂದು ಜೆಲ್ ಆಗ ಹೊಸದಾಗಿ ನನ್ನ ಕೈಗೆ ಬಂದಿತ್ತು. ಹುಳುಕಿಗೆ ಹಚ್ಚಿ ಸ್ವಲ್ಪ ಕಾದರೆ ಕೊಳೆತ ಭಾಗ ಮೆತ್ತಗಾಗುತ್ತದೆ. ಮೊಂಡು ಚಮಚದಂಥ ಸಲಕರಣೆಯಿಂದ ಕೆರೆದು ತೆಗೆಯಬಹುದು. ಡ್ರಿಲ್ ಬೇಡ, ಎಷ್ಟೋ ಸಲ ಸೂಜಿಯೂ ಬೇಡ.

ಗಂಡನ ನೌಕರಿಯ ಹಿಂದೆ ಧಾರವಾಡದಿಂದ ಗೋವೆಗೆ ಬಂದವಳು ನಾನು. ಅಳುವ, ಒದೆಯುವ, ಬೆರಳು ಕಚ್ಚುವ ಮಕ್ಕಳನ್ನು ನೋಡಿ ನೋಡಿ ಸಂಜೆಯ ಹೊತ್ತಿಗೆ ನನ್ನ ಸೊಂಟ, ಸಹನೆ ಎರಡೂ ಕೈಕೊಡುತ್ತಿದ್ದವು. ಊರ ಮಕ್ಕಳಿಗೆಲ್ಲ ಹಲ್ಲುಜ್ಜಿರೆಂದು ಹೇಳಿ ಮನೆಗೆ ಬಂದರೆ, ನನ್ನ ಮಗನಿಗೆ ಹಲ್ಲುಜ್ಜಿಸಲು ಏಳುವಷ್ಟೂ ತ್ರಾಣ ಇರುತ್ತಿರಲಿಲ್ಲ. ಅಂಥದೊಂದು ಸಂಜೆ ನೀಲವ್ವ ತನ್ನ ಮಗಳನ್ನು ಕರೆತಂದಳು. ವಿಜಾಪುರದ ಕಡೆಯವಳು, ವಾಸ್ಕೋದ ಕಡಲಂಚಿನ ಬಾಯ್ನಾದಲ್ಲಿದ್ದ ಮನೆಯನ್ನು ಸರಕಾರದವರು ಬುಲ್ಡೋಜರ್ ತಂದು ಕೆಡವಿದ ಮೇಲೆ ದಾಬೋಲಿಮ್ ಹತ್ತಿರ ಶೆಡ್ಡಿನಲ್ಲಿದ್ದು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಮಗಳು ಸುನಂದಾಗೆ ಆರೇಳು ವರ್ಷ. ದವಡೆಯ ಹಾಲುಹಲ್ಲು ಹುಳುಕಾಗಿ ಒಂದೇ ಬದಿಯಲ್ಲಿ ಅಗಿಯುತ್ತಿದ್ದಳು. ನಾನು ಡ್ರಿಲ್ ಚಾಲೂ ಮಾಡಿದ್ದೇ ತಡ, ಕುರ್ಚಿಯಿಂದ ಜಿಗಿದು ಮೇಜಿನಡಿ ಸೇರಿಕೊಂಡಳು.

“ಮಶಿನ್ ಸಪ್ಪಳ ಅಂದ್ರ ಅಕಿ ನಡಗತಾಳ್ರಿ ಡಾಕ್ಟ್ರಬಾಯಾರ,” ಎಂದಳು ನೀಲವ್ವ. “ಮನಿ ಕೆಡವೂದನ್ನ ಕಣ್ಣಾರೆ ನೋಡ್ಯಾಳ್ರಿ.”

ಡ್ರಿಲ್ ಪಕ್ಕಕ್ಕಿಟ್ಟು ಜೆಲ್ ಹಚ್ಚಿದೆ. ಹುಡುಗಿ ನನ್ನ ಕೈಯನ್ನೇ ನೋಡುತ್ತ ಬಾಯಿ ತೆರೆದು ಕೂತಳು. ಹುಳುಕು ಕೆರೆದು ತೆಗೆದು, ಆ ಕುಳಿಗೆ ರೆಸಿನ್ ಎಂಬ ಹಲ್ಲಿನ ಬಣ್ಣದ ಲೇಪ ತುಂಬಿ ಕಳಿಸಿದೆ. ಅಂದು ನನ್ನ ಬಗ್ಗೆ ನನಗೇ ವಿಪರೀತ ಹೆಮ್ಮೆ. ಕೆಲವೇ ದಿನಗಳಲ್ಲಿ ತಾಯಿ ಮಗಳು ವಾಪಸು ಬಂದರು. ರೊಟ್ಟಿ ತಿನ್ನುವಾಗ ರೆಸಿನ್ ಕಿತ್ತು ಬಂದಿತ್ತು.

“ಈಗ ಮಶಿನ್ ಹಚ್ತೀರೇನ್ರಿ?” ಎಂದಳು ಸುನಂದಾ. ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ನಾಳೆ ಬರಲು ಹೇಳಿ, ಧಾರವಾಡದಲ್ಲಿ ನನಗೆ ಕಲಿಸಿದ ಸರ್‌ಗೆ ಫೋನು ಮಾಡಿದೆ. “ಜೆಲ್ ಹಚ್ಚಿದ್ರ ರೆಸಿನ್ ಚಲೋ ಹಿಡಿಯಂಗಿಲ್ಲ ಅಂತ ಕೆಲವರು ಅಂತಾರ, ಏನೂ ಫರಕ್ ಇಲ್ಲಂತ ಉಳಿದವರು ಅಂತಾರ,” ಎಂದರು ಅವರು. “ಹಾಲುಹಲ್ಲಿಗೆ ಮೊದಲೇ ಅಂಟೂದು ಕಷ್ಟ. ಜೆಲ್ ಒಂಚೂರೂ ಉಳೀದಂಗ ತೊಳಿ. ಜೊಲ್ಲು ತಾಗಗೊಡಬ್ಯಾಡ.”

ಮರುದಿನ ಉಳಿದಿದ್ದ ಮೆತ್ತನೆಯ ಅಂಚಿಗೆ ಮತ್ತೆ ಜೆಲ್ ಹಚ್ಚಿ ಕೆರೆದೆ. ತೊಳೆದೆ, ಒದ್ದೆ ಹತ್ತಿಯಿಂದ ಒರೆಸಿದೆ, ಮತ್ತೆ ತೊಳೆದೆ. ಜೊಲ್ಲು ಹೀರುವ ನಳಿಗೆಯನ್ನು ಸುನಂದಾಳ ಕೈಗೇ ಕೊಟ್ಟೆ. ತನಗೊಂದು ಕೆಲಸ ಸಿಕ್ಕಿತೆಂದು ಅವಳು ಅಲುಗಾಡದೆ ಹಿಡಿದಳು. ಅಂಟು ಹಚ್ಚಿ, ರೆಸಿನ್ ತುಂಬಿ, ಅದನ್ನು ಗಟ್ಟಿ ಮಾಡುವ ನೀಲಿ ಬೆಳಕು ಹಾಯಿಸಿ ಮುಗಿಸುವಾಗ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು. ಆಮೇಲೆ ಅವರು ಬರಲಿಲ್ಲ. ಮತ್ತೆ ಬಿದ್ದಿರಬೇಕು, ನನ್ನ ಮೇಲಿನ ನಂಬಿಕೆಯೂ ಹೋಗಿರಬೇಕು ಎಂದುಕೊಂಡೆ.

ಕೆಲವು ವರ್ಷಗಳ ಮೇಲೆ ಎರಡು ಜಡೆಯ ಉದ್ದನೆಯ ಹುಡುಗಿಯೊಬ್ಬಳು ಒಳಗೆ ಬಂದು ನನ್ನ ಅಂಗೈಯಲ್ಲಿ ಒಂದು ಹಲ್ಲಿಟ್ಟಳು.

“ತಾನಾಗೇ ಬಿತ್ರಿ. ನೀವು ತುಂಬಿದ್ದು ಇನ್ನೂ ಗಟ್ಟಿ ಐತಿ ನೋಡ್ರಿ.”

ಸುನಂದಾ! ಹಲ್ಲನ್ನು ಉಗುರಿನಿಂದ ಕೆದಕಿದೆ, ರೆಸಿನ್ ಕದಲಲಿಲ್ಲ. ಬಾಯಿ ತೆರೆಸಿ ನೋಡಿದರೆ ಹಲ್ಲು ಬಿದ್ದ ಜಾಗದಲ್ಲಿ ಹೊಸದರ ತುದಿ ಇಣುಕುತ್ತಿತ್ತು. ತೊಳೆದದ್ದರಿಂದ ನಿಂತಿತೋ, ಅವಳು ನಳಿಗೆ ಹಿಡಿದದ್ದರಿಂದಲೋ, ನನಗೆ ಇಂದಿಗೂ ಗೊತ್ತಿಲ್ಲ.

ಈಗ ಕ್ಲಿನಿಕ್ಕನ್ನು ಹೆಚ್ಚಾಗಿ ಬೆಳಗಾವಿಯ ಕಿರಿಯ ಡಾಕ್ಟರೊಬ್ಬಳು ನೋಡಿಕೊಳ್ಳುತ್ತಾಳೆ. ಮಧ್ಯಾಹ್ನ ಅವಳ ಫೋನು ಬಂತು, ದನಿಯಲ್ಲಿ ದಣಿವು.

“ಮ್ಯಾಡಮ್, ಆ ಸಣ್ಣ ಹುಡುಗನ ಫಿಲ್ಲಿಂಗ್ ಮತ್ತ ಬಿದ್ದೈತ್ರಿ. ಹೆಂಗಿದ್ರೂ ಬೀಳೂ ಹಲ್ಲು, ಬಿಟ್ಟುಬಿಡೂಣೇನ್ರಿ?”

ಎಷ್ಟೋ ಸಂಜೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

“ಬೀಳೂತನಕಾ ಅಂವ ಉಣಬೇಕಲ್ಲವಾ,” ಎಂದೆ. “ಅವನ್ನ ಕರಿ. ನಾನೂ ಬರ್ತೀನಿ.”