ಒಂದು ತಂಬಿಗೆ ನೀರಿನ ತೀರ್ಪು

ಅವತ್ತು ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಸೀತವ್ವನ ಕಣ್ಣಿಗೆ ಬಿದ್ದವರಿಗೆಲ್ಲ ಒಂದೇ ಸುದ್ದಿ. "ನಾ ಜಡ್ಜ್ ಆಗೇನಿ! ಇಂಡಿಗೆ ಹೊಂಟೇನಿ!" ಕಂಡಕ್ಟರನನ್ನೂ ಬಿಡಲಿಲ್ಲ.

"ಯಾವ ಕೋರ್ಟಿಗೆ ಯವ್ವಾ?" ಎಂದ ಅವನು.

"ಕೋರ್ಟಿಗಲ್ಲೋ ಹುಚ್ಚಪ್ಪ, ಸಿನಿಮಾಕ್ಕ!" ಇಡೀ ಬಸ್ಸು ನಕ್ಕಿತು, ಎಲ್ಲರಿಗಿಂತ ಜೋರಾಗಿ ಸೀತವ್ವನೇ ನಕ್ಕಳು.

ಸೀತವ್ವ ನಾಟಕದಾಕೆ. ಈ ಸೀಮೆಯ ಹಳ್ಳಿಗಳಲ್ಲಿ ನಾಟಕ ಆಡುವವರು ಊರ ಗಂಡಸರು; ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕರೆಸುತ್ತಾರೆ. ಬಂದಾಕೆ ಸಂಜೆ ಬಸ್ಸಿಳಿಯಬೇಕು, ಬಣ್ಣ ಹಚ್ಚಿಕೊಳ್ಳಬೇಕು, ಹಿಂದೆ ಮುಖವನ್ನೇ ನೋಡಿರದವನನ್ನು "ಪ್ರಾಣಕಾಂತಾ" ಎಂದು ಕರೆಯಬೇಕು. ಆ ಕಾಂತ ನಡುವೆ ಮಾತು ಮರೆತರೆ ಗತಿ? ಅದಕ್ಕೂ ಒಂದು ಉಪಾಯವಿತ್ತು. ತಂಬಿಗೆ ತಂದು "ನೀರು ಕುಡೀರಿ" ಎನ್ನುವುದು. ಅವನು ಕುಡಿಯುವಷ್ಟರಲ್ಲಿ ಪರದೆಯ ಹಿಂದಿನವರು ಮಾತು ನೆನಪಿಸುತ್ತಿದ್ದರು. ಸೀತವ್ವ ಹೀಗೆ ಎಷ್ಟು ರಾಜರಿಗೆ, ಎಷ್ಟು ಗೌಡರಿಗೆ ನೀರು ಕುಡಿಸಿದ್ದಳೋ ಲೆಕ್ಕವಿಟ್ಟವರಿಲ್ಲ.

ಒಮ್ಮೆ ಆ ನೀರು ಆಕೆಗೇ ಬೇಕಾಯಿತು. ಮುದ್ದೇಬಿಹಾಳ ಕಡೆಯ ಹಳ್ಳಿಯೊಂದರಲ್ಲಿ ನಡುರಂಗದ ಮೇಲೆ ಮಾತು ಮರೆತು ಕಲ್ಲಾಗಿ ನಿಂತಳು. ಎದುರಿಗೆ ಸವತಿಯ ಪಾತ್ರದಲ್ಲಿ ಇನ್ನೊಬ್ಬ ನಾಟಕದಾಕೆ ಚಂದವ್ವ. ತಂಬಿಗೆ ಚಂದವ್ವನ ಕೈಯಲ್ಲೇ ಇತ್ತು. ಆಕೆ ಕೊಡಲಿಲ್ಲ. ಜನರ ಕಡೆ ತಿರುಗಿ ನಕ್ಕಳು, ಜನ ಸಿಳ್ಳೆ ಹೊಡೆದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಸೀತವ್ವನ ಹೊಟ್ಟೆಯೊಳಗಿನ ಆ ಉರಿ ಇನ್ನೂ ಆರಿರಲಿಲ್ಲ.

ನಾಲ್ಕು ತಾಲೂಕಿನ ಸಿನಿಮಾ ಹುಚ್ಚರು ಸೇರಿ ಕಟ್ಟಿಕೊಂಡ ಸಂಘ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುತ್ತದೆ. ಈ ಸಲ ಹೊಸದೊಂದನ್ನು ಸೇರಿಸಿದ್ದರು. ಒಬ್ಬ ನಟನಿಗಲ್ಲ, ಕೂಡಿ ನಟಿಸಿದ ಇಡೀ ತಂಡಕ್ಕೆ. ಇಂಡಿ ಊರಿನ ಟಾಕೀಜಿನಲ್ಲಿ ತೀರ್ಪುಗಾರರು ಮೂವರು: ಮುದ್ದೇಬಿಹಾಳದ ಕಾಲೇಜು ಮಾಸ್ತರ ಗುರುನಾಥ, ಮದುವೆ ವಿಡಿಯೊ ತೆಗೆಯುವ ನಿಯಾಜ, ನಡುವೆ ಸೀತವ್ವ. ಸೋಸಿ ಸೋಸಿ ಕೊನೆಗೆ ಎರಡು ಚಿತ್ರ ಉಳಿದಿದ್ದವು.

ಮೊದಲನೆಯದು ಜೈಲಿನ ಕಥೆ. ಅದರ ನಾಯಕ ಅತ್ತರೆ ಕುರ್ಚಿಗಳೂ ಅಳುವಂತಿತ್ತು. ಗುರುನಾಥ ಅದಕ್ಕೇ ಮನಸೋತರು. ಎರಡನೆಯದು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವ ಕಥೆ. ಪರದೆಯ ಮೇಲೆ ಪಡಸಾಲೆ ಮೂಡಿತು. ಮೂಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತ ಕೂತಿದ್ದ ಅಜ್ಜಿಯನ್ನು ನೋಡಿದ್ದೇ ಸೀತವ್ವ ಕುರ್ಚಿಯ ತುದಿಗೆ ಸರಿದಳು. ಚಂದವ್ವ!

'ಸತ್ತರೂ ಇಕಿಗಿ ಕೊಡೂದಿಲ್ಲ' ಎಂದು ಸೀತವ್ವ ಅಲ್ಲೇ ತೀರ್ಮಾನಿಸಿಬಿಟ್ಟಳು.

ಕಥೆ ಏರಿತು. ಸೊಸೆಯ ಪಾತ್ರದ ಹೊಸ ಹುಡುಗಿ ಎಲ್ಲರೆದುರು ನಿಂತು ಉದ್ದನೆಯ ಮಾತು ಆಡುತ್ತಿದ್ದಳು. ನಡುವೆ ತಡವರಿಸಿ ನಿಂತಳು. ಆ ಕಣ್ಣಿನ ಗಾಬರಿ ನಟನೆಯದಲ್ಲ, ಚಿತ್ರದವರು ಕತ್ತರಿಸದೆ ಬಿಟ್ಟ ನಿಜವಾದ ಮರೆವು; ಸೀತವ್ವನಿಗೆ ಅದು ಚೆನ್ನಾಗಿ ಗೊತ್ತು. ಎಲ್ಲಿ ಕೂತಿದ್ದೇನೆ ಎಂಬುದನ್ನೇ ಮರೆತು ಎದ್ದು ನಿಂತು ಕೂಗಿದಳು: "ನೀರು! ಆ ಹುಡುಗಿಗೆ ನೀರು ಕೊಡಬೇ ಚಂದಿ!"

ಪರದೆಯ ಮೇಲೆ ಚಂದವ್ವ ಬಳ್ಳೊಳ್ಳಿ ಬದಿಗಿಟ್ಟು ತಂಬಿಗೆ ಸರಿಸಿದಳು. "ಕುಡಿಯವ್ವಾ. ಆಮ್ಯಾಗ ಹೇಳಾಕಿ." ಹಿರಿಯ ಮಗ ತಲೆ ತಗ್ಗಿಸಿದ. ಕಿರಿಯವನು ಸರಿದು ಜಾಗ ಬಿಟ್ಟ. ಹುಡುಗಿ ನೀರು ಕುಡಿದಳು, ಉಳಿದ ಮಾತನ್ನು ಅಳುತ್ತಲೇ ಮುಗಿಸಿದಳು. ಟಾಕೀಜಿನಲ್ಲಿ ಸೀತವ್ವ ಬಿಕ್ಕಿ ಬಿಕ್ಕಿ ಅತ್ತಳು. ಮುದುಕಿಗೆ ತಲೆ ತಿರುಗಿತೆಂದು ನಿಯಾಜ ಓಡಿಹೋಗಿ ಆಕೆಗೂ ನೀರು ತಂದ.

ದೀಪಗಳು ಹತ್ತಿದವು. ನಿಯಾಜ ಮನೆಯ ಕಥೆಯ ಕಡೆ, ಗುರುನಾಥ ಜೈಲಿನ ಕಡೆ.

"ಇನ್ನ ನೀವ ಹೇಳ್ಬೇಕ್ರಿ ಸೀತವ್ವಾರ," ಎಂದರು ಗುರುನಾಥ.

ಸೀತವ್ವ ಸೆರಗಿನ ತುದಿ ಹಿಂಡುತ್ತ ಕೂತಳು. ಕೊಟ್ಟರೆ ವೈರಿ ಮೆರೆಯುತ್ತಾಳೆ. ಕೊಡದಿದ್ದರೆ ಕಣ್ಣಾರೆ ಕಂಡದ್ದು ಸುಳ್ಳಾಗುತ್ತದೆ.

"ಆ ಮುದುಕಿ ನನ್ನ ವೈರಿ ಅದಾಳ್ರಿ," ಎಂದಳು ಕೊನೆಗೆ. "ಆದ್ರ ಆ ಮನ್ಯಾಗ ಒಬ್ಬರನ್ನೊಬ್ಬರು ಬೀಳಗೊಡಲಿಲ್ಲ. ಜೈಲಿನ್ಯಾಗ ಅಂವ ಒಬ್ಬನೇ ಕುಣದಾನ. ಪ್ರಶಸ್ತಿ ಮನಿಯವರಿಗೇ."

"ಅಂವ ಭಾರಿ ಕುಣದಾನ ಬಿಡ್ರಿ," ಎಂದು ಗೊಣಗುತ್ತಲೇ ಗುರುನಾಥ ಒಪ್ಪಿಕೊಂಡರು.

ಸಮಾರಂಭ ಬಸವನ ಬಾಗೇವಾಡಿಯಲ್ಲಿ. ಸಭಾಂಗಣ ಕಿಕ್ಕಿರಿದಿತ್ತು. ತಂಡದ ಹೆಸರು ಕೂಗಿದಾಗ ಚಪ್ಪಾಳೆ ಎದ್ದಿತು. ತಂಡದವರೆಲ್ಲ ವೇದಿಕೆಯ ಮೇಲೆ ಸಾಲಾಗಿ ನಿಂತರು. ಮೈಕು ಕೈಯಿಂದ ಕೈಗೆ ದಾಟುತ್ತ ಚಂದವ್ವನ ಬಳಿ ಬಂತು. ಆಕೆ ಬಾಯಿ ತೆರೆದಳು. ಅಷ್ಟರಲ್ಲಿ ತೀರ್ಪುಗಾರರ ಸಾಲಿನಲ್ಲಿ ಸೀತವ್ವ ಕಂಡಳು. ಚಂದವ್ವನ ಮಾತು ಅಲ್ಲೇ ನಿಂತುಹೋಯಿತು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು.

ಸೀತವ್ವ ಈಗ ಸುಮ್ಮನೆ ನಕ್ಕಿದ್ದರೂ ಸಾಕಿತ್ತು, ಹಳೆಯ ಸೇಡು ತೀರುತ್ತಿತ್ತು. ಆದರೆ ಆಕೆ ತನ್ನೆದುರಿಗಿದ್ದ ನೀರಿನ ಬಾಟಲಿ ಎತ್ತಿಕೊಂಡು, ಸೀರೆಯ ನೆರಿಗೆ ಹಿಡಿದು, ದಡದಡ ಮೆಟ್ಟಿಲು ಹತ್ತಿದಳು.

"ಕುಡಿ. ಆಮ್ಯಾಗ ಹೇಳಾಕಿ."

ಚಂದವ್ವ ಗಟಗಟ ಅರ್ಧ ಕುಡಿದಳು. ಬಾಯಿ ಒರೆಸಿಕೊಂಡು, ಉಳಿದರ್ಧವನ್ನು ಎಲ್ಲರೆದುರು ಸೀತವ್ವನತ್ತ ಚಾಚಿದಳು. ಮೈಕು ಇನ್ನೂ ಆಕೆಯ ಕೈಯಲ್ಲೇ ಇತ್ತು.

"ಅವತ್ತ ನಾ ಕೊಡಲಿಲ್ಲ. ಇವತ್ತಾದ್ರೂ ಕುಡಿಬೇ, ಸೀತಿ."

ಸೀತವ್ವ ಬಾಟಲಿ ಎತ್ತಿ ಕುಡಿದಳು.